ನಾಲ್ಕು ಅಂಗುಲದ ಲೆಕ್ಕ: ಸರ್ವೆ ಆಫ್ ಇಂಡಿಯಾ ಮತ್ತು ಅದರ ನಕ್ಷೆಗಳು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ಪುನರಾವರ್ತನೆಯಾದದ್ದನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನ ಕೈಯಲ್ಲಿರುವ ಈ ಹಾಳೆಯನ್ನು ಮೊದಲು ಮುಂದಿನ ಸಾಲಿನವರಿಗೆ ಕೊಡುತ್ತೇನೆ, ನೋಡಿ ಹಿಂದಕ್ಕೆ ದಾಟಿಸಿ. ಮಡಿಸಿದ ಗೆರೆಯಲ್ಲಿ ಹರಿಯುವ ಹಾಗಾಗಿದೆ, ಸ್ವಲ್ಪ ಹುಷಾರು. ಮೇಲ್ತುದಿಯಲ್ಲಿ 57ಡಿ/11 ಅಂತ ಬರೆದಿದೆ. ಭೂಗೋಳದ ಮೇಷ್ಟ್ರುಗಳು ಇದನ್ನು ಟೋಪೋಶೀಟ್ ಅನ್ನುತ್ತೇವೆ, ಪಠ್ಯಪುಸ್ತಕದಲ್ಲಿ ಸ್ಥಳಾಕೃತಿ ನಕ್ಷೆ. ಮೈಸೂರು, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣದ ದ್ವೀಪ, ರಂಗನತಿಟ್ಟು, ಕೃಷ್ಣರಾಜಸಾಗರ, ಕರಿಘಟ್ಟ ಇಷ್ಟೂ ಈ ಒಂದೇ ಹಾಳೆಯಲ್ಲಿವೆ. ಉದ್ದ ಅಗಲ ಎರಡೂ ಸುಮಾರು 55 ಸೆಂಟಿಮೀಟರ್. ನೆಲದ ಮೇಲಿನ ಒಂದು ಕಿಲೋಮೀಟರ್ ಇಲ್ಲಿ ಎರಡು ಸೆಂಟಿಮೀಟರ್, ಅಂದರೆ 1:50,000 ಮಾಪಕ.

ಇಂಥ ಹಾಳೆಗಳು ಇಡೀ ದೇಶಕ್ಕೆ ಐದು ಸಾವಿರಕ್ಕೂ ಹೆಚ್ಚಿವೆ. ಅವನ್ನು ಮಾಡಿದ್ದು ಸರ್ವೆ ಆಫ್ ಇಂಡಿಯಾ, ಕನ್ನಡದಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆ. 1767ರಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ. ಕೇಂದ್ರ ಕಚೇರಿ ಡೆಹ್ರಾಡೂನಿನಲ್ಲಿದೆ.

ಮೊದಲೇ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಸರ್ವೆ ಅಂದ ಕೂಡಲೇ ನಮ್ಮ ಹಳ್ಳಿಗಳಲ್ಲಿ ನೆನಪಾಗುವುದು ಸರ್ವೆ ನಂಬರು, ಪೋಡಿ, ಹದ್ದುಬಸ್ತು, ಬಾಂದು ಕಲ್ಲು. ಅದು ರಾಜ್ಯ ಸರ್ಕಾರದ ಭೂಮಾಪನ ಇಲಾಖೆಯ ಕೆಲಸ. ಅವರ ಸರಪಳಿ 33 ಅಡಿಯದು. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎಂಬುದು ಅವರ ಪ್ರಶ್ನೆ. ಸರ್ವೆ ಆಫ್ ಇಂಡಿಯಾದ ಪ್ರಶ್ನೆ ಬೇರೆ: ಈ ಬೆಟ್ಟ ಭೂಗೋಳದ ಮೇಲೆ ಎಲ್ಲಿದೆ, ಎಷ್ಟು ಎತ್ತರ? ಹಾಗಾಗಿ ಈ ಹಾಳೆಯಲ್ಲಿ ನಿಮ್ಮ ಊರಿನ ಕೆರೆ ಸಿಗುತ್ತದೆ, ಗುಡಿ ಸಿಗುತ್ತದೆ, ಆದರೆ ನಿಮ್ಮ ಹೊಲದ ಬದು ಸಿಗುವುದಿಲ್ಲ.

ಇವತ್ತು ನಾನು ಈ ಸಂಸ್ಥೆಯ ಕಥೆಯನ್ನು ಒಂದು ಎಳೆ ಹಿಡಿದುಕೊಂಡು ಹೇಳಬೇಕೆಂದಿದ್ದೇನೆ. ನಕ್ಷೆ ಅಂದರೆ ಸರಿಯಾದ ಅಳತೆ ಎಂದು ನಾವೆಲ್ಲ ತಿಳಿದಿದ್ದೇವೆ. ಹಳೆಯ ಸರ್ವೆಯವರು ಹಾಗೆ ತಿಳಿದಿರಲಿಲ್ಲ. ಅಳತೆ ತಪ್ಪೇ ಆಗುತ್ತದೆ, ಎಷ್ಟು ತಪ್ಪಾಗಿದೆ ಎಂಬುದನ್ನು ಪತ್ತೆ ಹಚ್ಚಬೇಕು ಎಂಬುದು ಅವರ ಕಸುಬಿನ ಮೂಲ. ಆ ತಪ್ಪಿನ ಲೆಕ್ಕಪುಸ್ತಕವೇ ನನಗೆ ನಕ್ಷೆಗಿಂತ ಕುತೂಹಲದ್ದು.

1767ರಲ್ಲಿ ರಾಬರ್ಟ್ ಕ್ಲೈವ್ ಬಂಗಾಳಕ್ಕೆ ಜೇಮ್ಸ್ ರೆನೆಲ್‌ನನ್ನು ಸರ್ವೇಯರ್ ಜನರಲ್ ಮಾಡಿದ. ಯಾಕೆ ಎಂದು ಕೇಳಬೇಕಾಗಿಲ್ಲ. ಕಂದಾಯ ವಸೂಲಿ ಮಾಡಬೇಕು, ಸೈನ್ಯ ನಡೆಸಬೇಕು, ಎರಡಕ್ಕೂ ದಾರಿ ಗೊತ್ತಿರಬೇಕು. ರೆನೆಲ್ ನದಿಗಳಗುಂಟ, ದಾರಿಗಳಗುಂಟ ಅಳೆಯುತ್ತಾ ಹೋಗಿ ಬಂಗಾಳದ ಅಟ್ಲಾಸು ಮಾಡಿದ, 1782ರಲ್ಲಿ ಹಿಂದೂಸ್ತಾನದ ನಕ್ಷೆ ತಂದ. ದಾರಿ ಅಳೆಯುವ ಪದ್ಧತಿಯ ತೊಂದರೆ ಒಂದೇ. ಒಂದು ತಿರುವಿನಲ್ಲಿ ಆದ ತಪ್ಪು ಮುಂದಿನ ತಿರುವಿಗೆ ಹೊರೆಯಾಗುತ್ತದೆ, ಅದು ಅದರ ಮುಂದಿನದಕ್ಕೆ. ಸಾವಿರ ಮೈಲಿ ಹೋದ ಮೇಲೆ ಎಲ್ಲಿದ್ದೀರಿ ಎಂದು ದೇವರಿಗೇ ಗೊತ್ತು. ಹೀಗೆ ಮಾಡಿದ ನಕ್ಷೆಗಳಲ್ಲಿ ಮದರಾಸಿನಿಂದ ಮಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 400 ಮೈಲಿ ಇತ್ತು. ನಿಜಕ್ಕೂ ಇರುವುದು 360. ನಲವತ್ತು ಮೈಲಿ ನೆಲ ಇಲ್ಲವೇ ಇಲ್ಲ! ಅದನ್ನು ಕಂಡುಹಿಡಿದದ್ದು ನಮ್ಮ ಸೀಮೆಯಲ್ಲಿ ಶುರುವಾದ ಕೆಲಸ.

1799ರ ಏಪ್ರಿಲ್. ಶ್ರೀರಂಗಪಟ್ಟಣಕ್ಕೆ ಇಂಗ್ಲಿಷರ ಮುತ್ತಿಗೆ. ಒಂದು ರಾತ್ರಿ ಜನರಲ್ ಬೇರ್ಡ್‌ನ ದಳ ಕತ್ತಲಲ್ಲಿ ತೋಪೊಂದನ್ನು ಶೋಧಿಸಿ ತನ್ನ ಬಿಡಾರಕ್ಕೆ ಮರಳುತ್ತಿತ್ತು. ಆ ದಳದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಆಕಾಶ ನೋಡಿದ. ನಾವು ನಡೆಯುತ್ತಿರುವುದು ಬಿಡಾರದ ಕಡೆಗಲ್ಲ, ಟಿಪ್ಪುವಿನ ಪಡೆಯ ಕಡೆಗೆ ಎಂದ. ನಕ್ಷತ್ರ ಓದಬಲ್ಲ ಒಬ್ಬನಿಂದ ದಳ ಉಳಿಯಿತು. ಟಿಪ್ಪು ಬಿದ್ದ ಮೇಲೆ ಇದೇ ಲ್ಯಾಂಬ್ಟನ್ ಒಂದು ಯೋಜನೆ ಮುಂದಿಟ್ಟ: ಪರ್ಯಾಯ ದ್ವೀಪದ ಅಡ್ಡಗಲ, ಕರಾವಳಿಯಿಂದ ಕರಾವಳಿಗೆ, ತ್ರಿಕೋನಗಳ ಸರಣಿ ಹೂಡಿ ಅಳೆಯೋಣ.

ತ್ರಿಕೋನದ ಉಪಾಯ ಶಾಲೆಯ ಗಣಿತವೇ. ಒಂದು ಭುಜದ ಉದ್ದ ಗೊತ್ತಿದ್ದು, ಅದರ ಎರಡೂ ತುದಿಯಿಂದ ದೂರದ ಬೆಟ್ಟಕ್ಕೆ ಎಷ್ಟು ಕೋನ ಎಂದು ಗೊತ್ತಾದರೆ, ಆ ಬೆಟ್ಟಕ್ಕೆ ನಡೆದು ಹೋಗದೆಯೇ ದೂರ ಸಿಗುತ್ತದೆ. ಹಾಗೆ ಸಿಕ್ಕ ಹೊಸ ಭುಜದ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಕಾಲಿನಿಂದ ಅಳೆಯಬೇಕಾದದ್ದು ಮೊದಲ ಭುಜ ಮಾತ್ರ. ಅದಕ್ಕೆ ಆಧಾರರೇಖೆ ಎನ್ನುತ್ತಾರೆ. ಆಧಾರರೇಖೆಯಲ್ಲಿ ಒಂದಡಿ ತಪ್ಪಿದರೆ ಅದರ ಮೇಲೆ ಕಟ್ಟಿದ ಎಲ್ಲ ತ್ರಿಕೋನಗಳೂ ಅದೇ ಪ್ರಮಾಣದಲ್ಲಿ ತಪ್ಪುತ್ತವೆ. ಆದ್ದರಿಂದ ಅದನ್ನು ಅಳೆಯುವಾಗಿನ ಮಡಿ, ನಮ್ಮ ಅಜ್ಜಿಯರ ಅಡುಗೆಮನೆಯ ಮಡಿಗಿಂತ ಒಂದು ಕೈ ಹೆಚ್ಚು.

ಮೊದಲ ಆಧಾರರೇಖೆ ಬೆಂಗಳೂರಿನ ಹತ್ತಿರ, 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಏಳೂವರೆ ಮೈಲಿಗೆ ಕೊಂಚ ಕಡಿಮೆ. ಆಮೇಲೆ ಒಳ್ಳೆಯ ಉಪಕರಣ ಬಂದ ಮೇಲೆ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮತ್ತೊಂದನ್ನು ಹಿಡಿದ. ಇವತ್ತಿಗೂ ಏಪ್ರಿಲ್ 10 ರಾಷ್ಟ್ರೀಯ ಸರ್ವೇಕ್ಷಣ ದಿನ. ಅದೂ ಏಳೂವರೆ ಮೈಲಿಯೇ. ಹಿಡಿದ ಕಾಲ 57 ದಿನ.

ಏಳೂವರೆ ಮೈಲಿಗೆ 57 ದಿನ ಯಾಕೆ? ಸರಪಳಿ ನೂರು ಅಡಿಯದು, ಉಕ್ಕಿನದು. ಅದನ್ನು ನೆಲದ ಮೇಲೆ ಎಳೆದರೆ ಜೋತು ಬೀಳುತ್ತದೆ, ಅಂಕುಡೊಂಕಾಗುತ್ತದೆ. ಅದಕ್ಕೆ ಮುಕ್ಕಾಲಿಗಳ ಮೇಲೆ ಮರದ ದೋಣಿಗಳನ್ನು ಸಾಲಾಗಿ ಮಟ್ಟಸವಾಗಿ ಇಟ್ಟು, ಅವುಗಳೊಳಗೆ ಸರಪಳಿ ಮಲಗಿಸಿ ಬಿಗಿಯುವುದು. ನಾನೂರು ಸಲದ ಹತ್ತಿರ ಹೀಗೆ ಇಡಬೇಕು, ತೆಗೆಯಬೇಕು, ಮುಂದಕ್ಕೆ ಒಯ್ಯಬೇಕು. ಜೊತೆಗೆ ಪಕ್ಕದಲ್ಲೇ ಥರ್ಮಾಮೀಟರುಗಳು. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ನಾನೊಮ್ಮೆ ಕೂತು ಲೆಕ್ಕ ಹಾಕಿ ನೋಡಿದೆ: ಆ ಇಡೀ ಗೆರೆಯಲ್ಲಿ ತಾಪಮಾನವನ್ನು ಹತ್ತು ಡಿಗ್ರಿ ಫ್ಯಾರನ್‌ಹೀಟಿನಷ್ಟು ತಪ್ಪಾಗಿ ಹಿಡಿದರೆ ಉದ್ದದಲ್ಲಿ ಸುಮಾರು ಎರಡೂವರೆ ಅಡಿ ವ್ಯತ್ಯಾಸ ಬರುತ್ತದೆ. ಮದರಾಸಿನ ಏಪ್ರಿಲ್ ಮೇ ತಿಂಗಳಲ್ಲಿ, ಬೆಳಗ್ಗೆ ಏಳಕ್ಕೂ ಹನ್ನೊಂದಕ್ಕೂ ನಡುವೆ ಹತ್ತು ಡಿಗ್ರಿ ಏನು ಮಹಾ!

ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಹೂಡುತ್ತಾ ಬೆಂಗಳೂರಿಗೆ ಬಂದರು. ಈಗ ನನ್ನ ತಲೆಬರಹದ ವಿಷಯ. 1804ರಲ್ಲಿ ಬೆಂಗಳೂರಿನಲ್ಲಿ ಹೊಸದಾಗಿ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆಸಿದರು. ಅಳೆದವನು ಲ್ಯಾಂಬ್ಟನ್ನನ ಸಹಾಯಕ ಜಾನ್ ವಾರನ್. ಮದರಾಸಿನಿಂದ ಲೆಕ್ಕದ ಮೂಲಕ ನಡೆದು ಬಂದ ಉದ್ದ ಒಂದು, ಬೆಂಗಳೂರಿನ ನೆಲದ ಮೇಲೆ ಸರಪಳಿ ಹೇಳಿದ ಉದ್ದ ಇನ್ನೊಂದು. ಎರಡಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ಏಳು ಮೈಲಿಗೂ ಮೀರಿದ ಗೆರೆಯಲ್ಲಿ, ನಡುವೆ ಇನ್ನೂರು ಮೈಲಿ ಬೆಟ್ಟ ಬಯಲು ದಾಟಿ ಬಂದ ಮೇಲೆ, ಒಂದು ಗೇಣಿಗೂ ಕಡಿಮೆ! ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಎರಡನೆಯ ಸಲ ಅಳೆದದ್ದು. ಸರಿಯಾಗಿದೆಯೇ ಎಂದು ಯಾರೂ ಕೇಳಿರಲಿಲ್ಲ, ಅಳೆಯದೆ ಮುಂದೆ ಹೋಗಬಹುದಿತ್ತು.

ಸರ್ಕಾರದವರಿಗೆ ಇದು ಹುಚ್ಚಾಟವಾಗಿ ಕಂಡಿತು. ಮದರಾಸಿನ ಒಬ್ಬ ಹಣಕಾಸು ಅಧಿಕಾರಿಯ ಆಕ್ಷೇಪ ಪ್ರಸಿದ್ಧವಾಗಿದೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕೆನ್ನುವವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹೇಳಿದರೆ ಸಾಕು, ಅವನೇ ದಾರಿ ಹಿಡಿಯುತ್ತಾನೆ, ಲ್ಯಾಂಬ್ಟನ್ನನ ನಕ್ಷೆ ಏತಕ್ಕೆ ಎಂಬ ಅರ್ಥದ ಮಾತು ಅದು. ನನಗೆ ಆ ಅಧಿಕಾರಿಯ ಮೇಲೆ ಸಿಟ್ಟಿಲ್ಲ. ಪಲ್ಲಕ್ಕಿಯವನಿಗೆ ದಾರಿ ಗೊತ್ತಿತ್ತು ಎಂಬುದು ನಿಜವೇ. ಇವರು ಹೊರಟಿದ್ದು ಮಾತ್ರ ಭೂಮಿಯ ಆಕಾರ ಅಳೆಯಲು, ಶ್ರೀರಂಗಪಟ್ಟಣ ಅದರ ಮಧ್ಯೆ ಸಿಕ್ಕಿದ ಊರು.

ಕೋನ ಅಳೆಯಲು ಲಂಡನ್ನಿನಿಂದ ಬಂದ ಥಿಯೋಡೊಲೈಟಿನ ಪಾಡೂ ಕೇಳಿ. ಅರ್ಧ ಟನ್ ತೂಕ. ಅದರ ಹಡಗನ್ನು ದಾರಿಯಲ್ಲಿ ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಪೆಟ್ಟಿಗೆಯಲ್ಲಿರುವುದೇನೆಂದು ಗೊತ್ತಾದ ಮೇಲೆ ಗೌರವಪೂರ್ವಕವಾಗಿ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಅದನ್ನು ಹಗ್ಗದಲ್ಲಿ ಎಳೆಯುವಾಗ ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು, ಕೋನ ಓದುವ ಚಕ್ರವೇ ನಗ್ಗಿಹೋಯಿತು. ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು ಆರು ವಾರ ಕೂತು ಅದನ್ನು ಎಳೆದು ತಟ್ಟಿ ಮೊದಲಿನ ಆಕಾರಕ್ಕೆ ತಂದ. ಆಮೇಲೂ ಎಷ್ಟೋ ವರ್ಷ ಅದು ಕೆಲಸ ಮಾಡಿತು.

ಇದೇ ಹೊತ್ತಿಗೆ ಮೈಸೂರು ಸೀಮೆಯಲ್ಲೇ ಇನ್ನೊಂದು ಸರ್ವೆ ನಡೆಯುತ್ತಿತ್ತು, ಕಾಲಿನ್ ಮೆಕೆಂಜಿಯದು. ಮುಂದೆ 1815ರಲ್ಲಿ ಇಡೀ ಭಾರತಕ್ಕೆ ಮೊದಲ ಸರ್ವೇಯರ್ ಜನರಲ್ ಆದವನು ಈತ. ಲ್ಯಾಂಬ್ಟನ್ ಬೆಟ್ಟದ ತುದಿಯಿಂದ ತುದಿಗೆ ನೋಡುತ್ತಿದ್ದರೆ, ಮೆಕೆಂಜಿಯ ಜನ ಊರೊಳಗೆ ಹೋಗಿ ಶಾನುಭೋಗರ ಹತ್ತಿರ ಕೂತು ಊರಿನ ಕಥೆ ಬರೆಸಿಕೊಳ್ಳುತ್ತಿದ್ದರು. ಅವೇ ಕೈಫಿಯತ್ತುಗಳು. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮತ್ತೆ ಹಳಗನ್ನಡ ಶಾಸನ ಓದಬಲ್ಲ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಇವರಿಲ್ಲದೆ ಮೆಕೆಂಜಿಗೆ ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ. ಥಾಮಸ್ ಹಿಕಿ 1816ರಲ್ಲಿ ಬರೆದ ವರ್ಣಚಿತ್ರದಲ್ಲಿ ಮೆಕೆಂಜಿಯ ಪಕ್ಕ ಧರ್ಮಯ್ಯನೂ ನಿಂತಿದ್ದಾನೆ. ಸರ್ವೆಯ ಇತಿಹಾಸದಲ್ಲಿ ನಮ್ಮವರ ಮುಖ ಹೀಗೆ ಸಿಗುವುದು ಅಪರೂಪ. ಸರಪಳಿ ಎಳೆದ, ಬಾವುಟ ಹಿಡಿದ, ಬೆಟ್ಟದ ಮೇಲೆ ಕಾಡು ಸವರಿದ ಖಲಾಸಿಗಳ ಹೆಸರು ಯಾವ ಹಾಳೆಯ ಅಂಚಿನಲ್ಲೂ ಇಲ್ಲ.

ಲ್ಯಾಂಬ್ಟನ್ 1823ರಲ್ಲಿ ನಾಗಪುರದ ದಾರಿಯಲ್ಲಿ ಹಿಂಗನಘಾಟಿನಲ್ಲಿ ತೀರಿಕೊಂಡ. ಕೆಲಸ ಅವನ ಸಹಾಯಕ ಜಾರ್ಜ್ ಎವರೆಸ್ಟ್‌ಗೆ ಬಂತು. ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನವರೆಗೆ, ಸುಮಾರು 2,400 ಕಿಲೋಮೀಟರ್ ಉದ್ದದ ತ್ರಿಕೋನಗಳ ಸರಣಿ, ಅದೇ ಮಹಾ ಚಾಪ. ಉತ್ತರದ ಬಯಲಲ್ಲಿ ಹತ್ತಲು ಬೆಟ್ಟವಿಲ್ಲದ ಕಡೆ ಕಲ್ಲಿನ ಗೋಪುರ ಕಟ್ಟಿಸಿದ. ಜ್ವರದಿಂದ ಸತ್ತವರು ಬಹಳ. ಎವರೆಸ್ಟ್ ಸಿಡುಕು ಮನುಷ್ಯ, ಹಳೆಯ ಅಳತೆಯನ್ನು ನಂಬುವವನಲ್ಲ. ಬೀದರಿನ ಬಳಿ ಲ್ಯಾಂಬ್ಟನ್ 1815ರಲ್ಲಿ ಅಳೆದಿದ್ದ ಆಧಾರರೇಖೆಯನ್ನು 1841ರಲ್ಲಿ ಮತ್ತೆ ಅಳೆಸಿದ.

ಈ ಚಾಪದಲ್ಲಿ ಉಳಿದ ಒಂದು ತಪ್ಪಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಪ್ರಕಾರ ಈ ಸಂಸ್ಥೆ ವಿಜ್ಞಾನಕ್ಕೆ ಕೊಟ್ಟ ದೊಡ್ಡ ಕೊಡುಗೆ ಎವರೆಸ್ಟ್ ಶಿಖರದ ಎತ್ತರವಲ್ಲ, ಇದು.

ಮಧ್ಯಪ್ರದೇಶದ ಕಲ್ಯಾಣಪುರ, ಉತ್ತರಪ್ರದೇಶದ ಕಲಿಯಾನ, ಇವೆರಡು ಠಾಣೆಗಳ ನಡುವಿನ ಅಂತರವನ್ನು ಎರಡು ಬಗೆಯಲ್ಲಿ ಕಂಡುಹಿಡಿದರು. ಒಂದು ತ್ರಿಕೋನಗಳಿಂದ. ಇನ್ನೊಂದು ನಕ್ಷತ್ರಗಳಿಂದ, ಅಂದರೆ ಎರಡೂ ಕಡೆಯ ಅಕ್ಷಾಂಶ ಅಳೆದು ಕಳೆಯುವುದು. ಉತ್ತರಗಳು ಹೊಂದಲಿಲ್ಲ. ವ್ಯತ್ಯಾಸ 5.236 ಸೆಕೆಂಡು (ಇದು ಗಡಿಯಾರದ ಸೆಕೆಂಡಲ್ಲ, ಒಂದು ಡಿಗ್ರಿ ಕೋನದ 3,600ನೇ ಒಂದು ಭಾಗ), ನೆಲದ ಮೇಲೆ ಸುಮಾರು 160 ಮೀಟರ್. ನೂರಾರು ಕಿಲೋಮೀಟರಿಗೆ 160 ಮೀಟರ್ ಅಂದರೆ ಬೇರೆಯವರು ಹೋಗಲಿ ಬಿಡಿ ಅನ್ನುತ್ತಿದ್ದರು.

ನಕ್ಷತ್ರ ನೋಡಿ ಅಕ್ಷಾಂಶ ಹಿಡಿಯಲು ನೆತ್ತಿ ಯಾವ ಕಡೆ ಎಂದು ಗೊತ್ತಿರಬೇಕು. ಅದನ್ನು ಹೇಳುವುದು ತೂಗುಗುಂಡು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಅದೇ. ಅದು ಭೂಮಿಯ ಕಡೆಗೆ ನೇರ ತೂಗುತ್ತದೆ ಎಂಬುದು ನಂಬಿಕೆ. ಆದರೆ ಪಕ್ಕದಲ್ಲಿ ಹಿಮಾಲಯದಂಥ ರಾಶಿ ಇದ್ದರೆ? ಅದೂ ಗುಂಡನ್ನು ತನ್ನ ಕಡೆಗೆ ಎಳೆಯುತ್ತದೆ. ಕಲ್ಕತ್ತೆಯ ಪಾದ್ರಿ, ಗಣಿತದಲ್ಲಿ ಗಟ್ಟಿಗನಾದ ಜಾನ್ ಹೆನ್ರಿ ಪ್ರಾಟ್, ಹಿಮಾಲಯ ಎಷ್ಟು ಎಳೆಯಬೇಕು ಎಂದು 1855ರಲ್ಲಿ ಲೆಕ್ಕ ಹಾಕಿದ. 5 ಸೆಕೆಂಡು ಬರಬೇಕಿತ್ತು, ಬಂದದ್ದು 15 ಸೆಕೆಂಡಿಗೂ ಹೆಚ್ಚು! ಅಷ್ಟು ದೊಡ್ಡ ಪರ್ವತ, ತನ್ನ ಗಾತ್ರಕ್ಕೆ ಸಲ್ಲಬೇಕಾದ ಎಳೆತದ ಮೂರನೇ ಒಂದು ಭಾಗವನ್ನಷ್ಟೇ ತೋರಿಸುತ್ತಿದೆ.

ಹಾಗಾದರೆ ಮಿಕ್ಕದ್ದೆಲ್ಲಿ ಹೋಯಿತು? ಪ್ರಾಟ್ ಒಂದು ಬಗೆಯಲ್ಲಿ, ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಇನ್ನೊಂದು ಬಗೆಯಲ್ಲಿ ಉತ್ತರಿಸಿದರು. ಪರ್ವತದ ಅಡಿಯಲ್ಲಿ ಹಗುರವಾದ ವಸ್ತು ಆಳಕ್ಕೆ ಇಳಿದಿದೆ, ನೀರಿನಲ್ಲಿ ತೇಲುವ ಮರದ ದಿಮ್ಮಿಯ ಹಾಗೆ ಪರ್ವತ ತೇಲುತ್ತಿದೆ ಎಂಬುದು ಏರಿಯ ವಾದ. ಭೂಮಿಯ ಮೇಲ್ಪದರ ತೇಲುವಂಥದ್ದು ಎಂಬ ಆ ವಿಚಾರ ಇವತ್ತು ಭೂವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು, ಹೆಸರು ಐಸೊಸ್ಟಸಿ. ಅದು ಹುಟ್ಟಿದ್ದು ಸರ್ವೆಯ ಕಡತದಲ್ಲಿ ಅಳಿಸದೆ ಬಿಟ್ಟಿದ್ದ ಐದು ಸೆಕೆಂಡಿನಿಂದ.

ಶಿಖರದ ವಿಷಯ ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ನೇಪಾಳದೊಳಗೆ ಪ್ರವೇಶವಿರಲಿಲ್ಲ. ತರಾಯಿಯಿಂದ, ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ, ಹದಿನೈದನೆಯ ಶಿಖರ ಎಂದು ನಂಬರು ಹಚ್ಚಿದ್ದ ಬಿಂದುವಿಗೆ ಕೋನ ಹಿಡಿದರು. 1831ರಲ್ಲಿ ಹುಡುಗನಾಗಿ ಲೆಕ್ಕದ ಕೆಲಸಕ್ಕೆ ಸೇರಿ ಮುಖ್ಯ ಗಣಕನಾಗಿದ್ದ ರಾಧಾನಾಥ್ ಸಿಕ್ದರ್ ಈ ಲೆಕ್ಕದ ಹಿಂದೆ ಇದ್ದವನು. ಅವನು ಸಾಹೇಬರ ಕೋಣೆಗೆ ಓಡಿ ಹೋಗಿ ಜಗತ್ತಿನ ಅತಿ ಎತ್ತರದ ಶಿಖರ ಸಿಕ್ಕಿತು ಎಂದ ಎಂಬ ಕಥೆ ಚೆನ್ನಾಗಿದೆ. ಆದರೆ ಅಂಥ ಲೆಕ್ಕ ಒಂದು ಬೆಳಗ್ಗೆ ಮುಗಿಯುವಂಥದ್ದಲ್ಲ. ಗಾಳಿಯಲ್ಲಿ ಬೆಳಕು ಬಾಗುವುದನ್ನು ಕಳೆಯಬೇಕು, ಬೇರೆ ಬೇರೆ ಠಾಣೆಗಳ ಉತ್ತರ ಹೊಂದಿಸಬೇಕು, ವರ್ಷಗಳು ಹಿಡಿಯಿತು. 1856ರಲ್ಲಿ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಪ್ರಕಟಿಸಿದ ಎತ್ತರ 29,002 ಅಡಿ. 1955ರಲ್ಲಿ ಸರ್ವೆ ಆಫ್ ಇಂಡಿಯಾ ಮತ್ತೆ ಲೆಕ್ಕ ಹಾಕಿ 8,848 ಮೀಟರ್ ಎಂದಿತು. ಎರಡಕ್ಕೂ ವ್ಯತ್ಯಾಸ ಎಂಟು ಮೀಟರು ಚಿಲ್ಲರೆ. ಎವರೆಸ್ಟ್‌ಗೆ ಆ ಲೆಕ್ಕದಲ್ಲಿ ಪಾತ್ರವಿರಲಿಲ್ಲ, 1843ರಲ್ಲೇ ನಿವೃತ್ತನಾಗಿ ಹೋಗಿದ್ದ. ಹೆಸರು ಮಾತ್ರ ಅವನದು ಉಳಿಯಿತು.

ಟಿಬೆಟ್ಟಿಗೆ ವೇಷ ಮರೆಸಿ ಅಳೆಯಲು ಹೋದ, ಪಂಡಿತರೆಂದು ಹೆಸರಾದ ಸರ್ವೆಯ ನಮ್ಮ ಜನರನ್ನು ಬಿಡಲು ಮನಸ್ಸಿಲ್ಲ. ಕುಮಾವೂಂ ಕಡೆಯ ನೈನ್ ಸಿಂಗ್ ರಾವತ್‌ನ ಜಪಮಾಲೆಯಲ್ಲಿ 108ರ ಬದಲು 100 ಮಣಿ. ಇಷ್ಟು ಹೆಜ್ಜೆಗೆ ಒಂದು ಮಣಿ ಎಂದು ಎಣಿಸುತ್ತಾ ಲಾಸಾದವರೆಗೆ ನಡೆದ. ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಬದಲು ಅಳತೆಯ ಚೀಟಿ. ನೀರು ಕುದಿಸಿ, ಎಷ್ಟು ಡಿಗ್ರಿಗೆ ಕುದಿಯಿತು ಎಂದು ನೋಡಿ ಎತ್ತರ ಹಿಡಿದ. ಮದರಾಸಿನ 57 ದಿನದ ಮಡಿ ಎಲ್ಲಿ, ಈ ಹೆಜ್ಜೆಯ ಎಣಿಕೆ ಎಲ್ಲಿ? ಆದರೂ ಎರಡೂ ಒಂದೇ ಸಂಸ್ಥೆಯ ಕೆಲಸ.

ಇನ್ನು ಎತ್ತರದ ಮಾತು. ಯಾವುದಕ್ಕೆ ಹೋಲಿಸಿ ಎತ್ತರ? ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರೆದಿರುತ್ತದೆ. ಯಾವ ಸಮುದ್ರ? ಅಲೆ ಏರುತ್ತದೆ, ಇಳಿಯುತ್ತದೆ. ಅದಕ್ಕೆ ಬಂದರುಗಳಲ್ಲಿ ಉಬ್ಬರವಿಳಿತ ಅಳೆಯುವ ಕೇಂದ್ರಗಳನ್ನಿಟ್ಟು ವರ್ಷಗಟ್ಟಲೆ ದಾಖಲಿಸಿ ಸರಾಸರಿ ತೆಗೆದರು. 1909ರಲ್ಲಿ ದೇಶದ ಮಟ್ಟದ ಜಾಲವನ್ನು ಹೊಂದಿಸಿದಾಗ ಅಂಥ ಒಂಬತ್ತು ಬಂದರುಗಳ ಸರಾಸರಿಯನ್ನು ಸೊನ್ನೆ ಎಂದು ಹಿಡಿದರು. ಕರಾಚಿ, ಮುಂಬಯಿ, ಮದರಾಸಿನ ಜೊತೆ ನಮ್ಮ ಕಾರವಾರವೂ ಅದರಲ್ಲೊಂದು. ಇಲ್ಲೂ ಒಂದು ತಪ್ಪು ಅಡಗಿತ್ತು. ಎಲ್ಲ ದಡದಲ್ಲೂ ಸಮುದ್ರದ ಮಟ್ಟ ಒಂದೇ ಎಂದು ಹಿಡಿದದ್ದು ಸರಿಯಲ್ಲ, ಕೂಡದ ಮಟ್ಟಗಳನ್ನು ಬಲವಂತವಾಗಿ ಕೂಡಿಸಿದ ಹಾಗಾಯಿತು. ಹಳೆಯ ಗುಡಿ, ಸೇತುವೆ, ಸರ್ಕಾರಿ ಕಟ್ಟಡಗಳ ಬುಡದಲ್ಲಿ ಜಿಟಿಎಸ್ ಬಿಎಂ ಎಂದು ಕೆತ್ತಿದ ಕಲ್ಲು ಕಂಡರೆ ಅದು ಆ ಜಾಲದ ಗುರುತು, ಬೆಂಚ್‌ಮಾರ್ಕ್. ಜಿಟಿಎಸ್ ಅಂದರೆ ಗ್ರೇಟ್ ಟ್ರಿಗೊನಾಮೆಟ್ರಿಕಲ್ ಸರ್ವೆ, ಲ್ಯಾಂಬ್ಟನ್ ಶುರು ಮಾಡಿದ ತ್ರಿಕೋನಗಳ ಮಹಾ ಸರ್ವೆ. ಅದರ ಮೇಲೆ ಬಟ್ಟೆ ಒಗೆಯುವುದನ್ನು ನಾನೇ ನೋಡಿದ್ದೇನೆ. ಬೆಂಗಳೂರಿನ ಮೇಖ್ರಿ ವೃತ್ತದ ಬಳಿಯ ಜಿಟಿಎಸ್ ಕಟ್ಟಡ ಬೇರೆ. ಅದು 1868ರಲ್ಲಿ ಅಳೆದ ಆಧಾರರೇಖೆಯ ಒಂದು ತುದಿ. ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವವರಲ್ಲಿ ಅದನ್ನು ಗಮನಿಸಿದವರು ಎಷ್ಟು ಮಂದಿ?

ಹಾಳೆ ಈಗ ಎಲ್ಲಿಗೆ ಬಂತು? ಆರನೆಯ ಸಾಲು. ಸರಿ. ಅದನ್ನು ಓದುವುದು ಹೇಗೆಂದು ನೋಡೋಣ.

ಮೊದಲು ನಂಬರು. ದೇಶವನ್ನು ನಾಲ್ಕು ಡಿಗ್ರಿ ಅಕ್ಷಾಂಶ, ನಾಲ್ಕು ಡಿಗ್ರಿ ರೇಖಾಂಶದ ದೊಡ್ಡ ಚೌಕಗಳಾಗಿ ಕತ್ತರಿಸಿದ್ದಾರೆ. 57 ಎಂದರೆ 12ರಿಂದ 16 ಡಿಗ್ರಿ ಉತ್ತರ, 76ರಿಂದ 80 ಡಿಗ್ರಿ ಪೂರ್ವ. ಅದರೊಳಗೆ ಒಂದೊಂದು ಡಿಗ್ರಿಯ ಹದಿನಾರು ಮನೆ, ಎ ಇಂದ ಪಿ ತನಕ. ಎಣಿಸುವುದು ಎಡಗಡೆಯ ಮೇಲಿನ ಮೂಲೆಯಿಂದ ಕೆಳಕ್ಕೆ, ಆಮೇಲೆ ಮುಂದಿನ ಕಂಬ. ಒಂದೊಂದು ಮನೆಯಲ್ಲೂ ಮತ್ತೆ ಹದಿನಾರು, ಹದಿನೈದು ನಿಮಿಷದವು, ಅದೇ ಕ್ರಮ. ಮೈಸೂರು 57ಡಿ/11. ಬೆಂಗಳೂರು 57ಎಚ್/9ರಲ್ಲಿ ಶುರುವಾಗಿ 57ಜಿ/12ಕ್ಕೆ ಹರಡುತ್ತದೆ. ಹಂಪಿ 57ಎ/7. ನಿಮ್ಮ ಊರಿನ ಅಕ್ಷಾಂಶ ರೇಖಾಂಶ ಮೊಬೈಲಿನಲ್ಲಿ ನೋಡಿಕೊಂಡರೆ ಹಾಳೆಯ ನಂಬರನ್ನು ಕೈಬೆರಳಲ್ಲೇ ಎಣಿಸಬಹುದು.

ಮಾಪಕ ಮೂರು ಮುಖ್ಯ: 1:2,50,000, 1:50,000, 1:25,000. ಜಿಲ್ಲೆ ನೋಡಲು ಮೊದಲನೆಯದು, ನಡೆದು ನೋಡಲು ಮಿಕ್ಕವು. ಹಿರಿಯರ ಮನೆಯಲ್ಲಿ ಒಂದಂಗುಲಕ್ಕೆ ಒಂದು ಮೈಲಿಯ ಹಳೆಯ ಹಾಳೆ ಇದ್ದರೂ ಇರಬಹುದು, ಮೆಟ್ರಿಕ್ ಬರುವ ಮುಂಚಿನದು. ರದ್ದಿಗೆ ಹಾಕಬೇಡಿ, ದಯವಿಟ್ಟು.

ಆಮೇಲೆ ಬಣ್ಣ. ಕಂದು ಗೆರೆಗಳು ಸಮೋನ್ನತಿ ರೇಖೆಗಳು, ಒಂದು ಗೆರೆ ಅಂದರೆ ಒಂದೇ ಎತ್ತರದ ಜಾಗಗಳು. ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್. ಚಾಮುಂಡಿ ಬೆಟ್ಟ ನೋಡಿ, ಬಯಲ ನಡುವೆ ಹೆಬ್ಬೆಟ್ಟಿನ ಗುರುತಿನಂತೆ ಗೆರೆಗಳು ಒತ್ತಿಕೊಂಡಿವೆ. ಗೆರೆ ಒತ್ತಾದಷ್ಟೂ ಏರು ಕಡಿದು. ನೀಲಿ ನೀರು. ಬೇಸಿಗೆಯಲ್ಲಿ ಬತ್ತುವ ಹಳ್ಳಕ್ಕೆ ಕಪ್ಪು. ಹಸಿರು ಕಾಡು, ಹಳದಿ ಸಾಗುವಳಿ, ಕೆಂಪು ರಸ್ತೆ ಮತ್ತು ಊರು. ಕೆರೆ ಏರಿಯ ಪಕ್ಕದಲ್ಲಿ 6 ಎಂದು ಬರೆದು ಆರ್ ಅಕ್ಷರವಿದ್ದರೆ ಅದು ಸುತ್ತಲ ನೆಲಕ್ಕಿಂತ ಆರು ಮೀಟರ್ ಎತ್ತರ ಅಂತ. ಅಷ್ಟು ಸಣ್ಣದನ್ನೂ ಬರೆದಿದ್ದಾರೆ.

ಏನನ್ನು ಬರೆದಿದ್ದಾರೆ ಎಂಬುದು ಯಾರಿಗಾಗಿ ಬರೆದರು ಎಂಬುದನ್ನೂ ಹೇಳುತ್ತದೆ. ಅಂಚೆ ಕಚೇರಿ, ಪೊಲೀಸ್ ಠಾಣೆ, ಡಾಕ್ ಬಂಗಲೆ, ಹೊಳೆ ದಾಟುವ ಕಡಹು, ಗಾಡಿ ದಾರಿ, ಕಾಲುದಾರಿ, ಗುಡಿ, ಮಸೀದಿ, ಕಲ್ಲು ಕಟ್ಟಿದ ಬಾವಿ, ಕಲ್ಲು ಕಟ್ಟದ ಬಾವಿ. ಇದು ಕುದುರೆ ಮೇಲೆ ದೌರೆ ಹೊರಟ ಅಧಿಕಾರಿಯ, ದಂಡು ನಡೆಸುವ ಸೇನಾಪತಿಯ ಪಟ್ಟಿ. ಸಂತೆ ಯಾವ ವಾರ ಎಂದು ಕೆಲವು ಹಾಳೆಗಳಲ್ಲಿ ಸಿಗುತ್ತದೆ. ಹಳ್ಳಿಯ ಹೆಂಗಸರು ನೀರು ತರುವ ದಾರಿ ಯಾವುದೆಂದು ಯಾರೂ ಕೇಳಲಿಲ್ಲ, ಹಾಗಾಗಿ ಇಲ್ಲ.

ಆದರೂ, ನೋಡಿ, ಹಳೆಯ ಹಾಳೆಗೆ ಅದನ್ನು ಮಾಡಿಸಿದವರು ಊಹಿಸದ ಬೆಲೆ ಬಂದಿದೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಯಾವ ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ಇವತ್ತು ವಾದ ಮಾಡುವವರು ಬಿಚ್ಚುವುದು ಹಳೆಯ ಸರ್ವೆ ಹಾಳೆಗಳನ್ನೇ. ನಮ್ಮ 57ಡಿ/11ರಲ್ಲಿ ಕನ್ನಂಬಾಡಿ ಕಟ್ಟೆಯ ಹಿಂದೆ ಅಷ್ಟಗಲ ನೀಲಿ ಇದೆಯಲ್ಲ, ಹಳೆಯ ಕನ್ನಂಬಾಡಿ ಊರು ಅದರ ಅಡಿಯಲ್ಲಿದೆ. ಕಟ್ಟೆಗೆ ಊರಿನ ಹೆಸರು ಉಳಿಯಿತು, ಊರು ಉಳಿಯಲಿಲ್ಲ.

ಈಚಿನ ವಿಚಾರ ಬೇಗ ಹೇಳುತ್ತೇನೆ. ಬಹಳ ಕಾಲ ಗಡಿ ಮತ್ತು ಕರಾವಳಿಯ ಹಾಳೆಗಳು ನಿರ್ಬಂಧಿತವಾಗಿದ್ದವು. 2005ರ ರಾಷ್ಟ್ರೀಯ ನಕ್ಷಾ ನೀತಿ ಹಾಳೆಗಳನ್ನು ಎರಡು ಬಗೆ ಮಾಡಿತು: ಸೇನೆಗೆ ಒಂದು ಸರಣಿ, ಜನರಿಗೆ ಮುಕ್ತ ಸರಣಿ. 2017ರಿಂದ ಮುಕ್ತ ಸರಣಿಯ 1:50,000 ಹಾಳೆಗಳನ್ನು ಇಲಾಖೆಯ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದಾಯಿತು. 2021ರ ಫೆಬ್ರುವರಿಯಲ್ಲಿ ನಿಯಮ ಸಡಿಲಿಸಿ, ಭಾರತೀಯ ಸಂಸ್ಥೆಗಳು ಮುಂಗಡ ಅನುಮತಿಯಿಲ್ಲದೆ ನಕ್ಷೆ ಮಾಡಬಹುದು ಎಂದರು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಇದೇ ಸಂಸ್ಥೆ ಡ್ರೋನ್ ಹಾರಿಸಿ ಗ್ರಾಮಠಾಣದ ಮನೆಗಳನ್ನು ಒಂದೊಂದಾಗಿ ಅಳೆಯುತ್ತಿದೆ. ಬೆಟ್ಟದಿಂದ ಬೆಟ್ಟಕ್ಕೆ ನೋಡುತ್ತಿದ್ದವರು ಕೊನೆಗೂ ಹಿತ್ತಿಲ ಗೋಡೆಗೆ ಬಂದರು. ಅದಕ್ಕೆ ಆಧಾರ, ದೇಶದ ಉದ್ದಗಲಕ್ಕೂ ಉಪಗ್ರಹದ ಸಂಕೇತವನ್ನು ಎಡೆಬಿಡದೆ ಹಿಡಿಯುವ ಸ್ಥಿರ ಠಾಣೆಗಳ ಜಾಲ. ಅದು ಮಾಡುವುದೇನು? ಪ್ರತಿ ಕ್ಷಣವೂ ತನ್ನ ಜಾಗ ತನಗೆ ಗೊತ್ತಿದ್ದು, ಉಪಗ್ರಹದ ಲೆಕ್ಕ ಎಷ್ಟು ತಪ್ಪುತ್ತಿದೆ ಎಂದು ಹೇಳುವುದು. ವಾರನ್ ಬೆಂಗಳೂರಿನಲ್ಲಿ ಮಾಡಿದ್ದೂ ಅದನ್ನೇ.

ಈಗ ಪ್ರಶ್ನೆಗಳು. ಮೂರು ಬಂದವು, ಎರಡನ್ನು ಇಲ್ಲಿ ಬರೆಯುತ್ತೇನೆ.

ಚಾರಣಕ್ಕೆ ಹೋಗುವ ಯುವಕರೊಬ್ಬರು ಕೇಳಿದರು: ಹಳೆಯ ಟೋಪೋಶೀಟನ್ನು ಸ್ಕ್ಯಾನ್ ಮಾಡಿ ಮೊಬೈಲಿಗೆ ಹಾಕಿಕೊಂಡೆ ಸಾರ್, ಬೆಟ್ಟದ ತುದಿಯ ಕಂಬದ ಹತ್ತಿರ ನಿಂತರೂ ಚುಕ್ಕೆ ಪಕ್ಕದ ಕಣಿವೆಯಲ್ಲಿ ತೋರಿಸುತ್ತದೆ, ಯಾರದ್ದು ತಪ್ಪು? ಯಾರದ್ದೂ ಅಲ್ಲ. ಭೂಮಿ ಪೂರ್ತಿ ಗುಂಡಲ್ಲ, ಎಷ್ಟು ಚಪ್ಪಟೆ ಎಂಬುದಕ್ಕೆ ಒಂದು ಮಾದರಿ ಬೇಕು. ಹಳೆಯ ಹಾಳೆ ನಿಂತಿರುವುದು ಎವರೆಸ್ಟ್ 1830ರಲ್ಲಿ ಲೆಕ್ಕ ಹಾಕಿದ ಮಾದರಿಯ ಮೇಲೆ, ಅದು ಭಾರತಕ್ಕೆ ಹೊಂದುವಂತೆ ಕಲ್ಯಾಣಪುರದಲ್ಲಿ ಮೊಳೆ ಹೊಡೆದ ಮಾದರಿ. ಮೊಬೈಲು ಬಳಸುವುದು ಇಡೀ ಜಗತ್ತಿಗೆ ಹೊಂದುವ ಬೇರೆ ಮಾದರಿಯನ್ನು. ಎರಡಕ್ಕೂ ನೂರಾರು ಅಡಿ ಅಂತರ ಬೀಳುತ್ತದೆ. ಆಪ್‌ನಲ್ಲಿ ಡೇಟಮ್ ಎಂಬ ಕಡೆ ಎವರೆಸ್ಟ್ ಆರಿಸಿಕೊಳ್ಳಿ, ಚುಕ್ಕೆ ಕಂಬದ ಹತ್ತಿರಕ್ಕೆ ಬರುತ್ತದೆ. ಮುಕ್ತ ಸರಣಿಯ ಹೊಸ ಹಾಳೆಯಲ್ಲಿ ಈ ತಕರಾರು ಇಲ್ಲ, ಅದು ಜಗತ್ತಿನ ಮಾದರಿಯಲ್ಲೇ ಇದೆ.

ಹಿಂದಿನ ಸಾಲಿನಲ್ಲಿ ಹಾಳೆ ಹಿಡಿದು ಕೂತಿದ್ದ ಹಿರಿಯರೊಬ್ಬರು ಎದ್ದು, ನಮ್ಮಮ್ಮನ ತವರಿನ ಹೆಸರನ್ನು ಇದರಲ್ಲಿ ತಪ್ಪಾಗಿ ಬರೆದಿದ್ದಾರೆ, ಕೊಪ್ಪಲು ಅನ್ನುವುದನ್ನೇ ಬಿಟ್ಟಿದ್ದಾರೆ ಎಂದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದುವ ತೊಂದರೆಯೋ, ಕೇಳಿ ಬರೆದುಕೊಂಡವರ ಕಿವಿಯ ತೊಂದರೆಯೋ ಎಂದು ನಾನು ಕೇಳಿದೆ. ಅವರು ಒಪ್ಪಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು, ಬರೆಯಲಾ ಸ್ವಾಮಿ ಎಂದರು. ಬರೆಯಿರಿ ಎಂದೆ. ಕನ್ನಡದಲ್ಲಿ ಸಣ್ಣಗೆ ಬರೆದು, ಮಡಿಸಿ, ವಾಪಸು ಕೊಟ್ಟರು.